ಕೊಳ್ಳದ ಟಿಕೆಟಿಗೆ ಬಂದ ಲಾಟರಿ

☸️ *ಇಂದಿನ ಧಮ್ಮ ಚಿಂತನೆ* ☸️



ಹೋದ ತಿಂಗಳು ನನ್ನ ಅಕ್ಕ 23,200 ರೂಪಾಯಿ ಕಳೆದುಕೊಂಡಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಹಾಸ್ಟೆಲ್‌ನಲ್ಲಿ ಅಡುಗೆ ಕೆಲಸ ಮಾಡಿ ನಿವೃತ್ತಳಾದವಳು. ಅವಳ ವಾಟ್ಸಾಪ್‌ಗೆ ಒಂದು ಚಿತ್ರ, ಒಂದು ಧ್ವನಿ ಸಂದೇಶ ಬಂತು. ಟಿವಿಯ ಹೆಸರಾಂತ ರಸಪ್ರಶ್ನೆ ಕಾರ್ಯಕ್ರಮದ ಹೆಸರು, ಸೀಲು, ಸಹಿ, 25 ಲಕ್ಷದ ಚೆಕ್ಕಿನ ಚಿತ್ರ ಎಲ್ಲವೂ ಇದ್ದವು. ಫೋನಿನಲ್ಲಿ ಮಾತಾಡಿದವನು "ಮೊದಲು ಶುಲ್ಕ ಕಟ್ಟಿ, ಯಾರಿಗೂ ಹೇಳಬೇಡಿ, ಹೇಳಿದರೆ ಲಾಟರಿ ರದ್ದಾಗುತ್ತದೆ" ಅಂದ. ಅವಳು ಮೊದಲು 8,200 ಕಟ್ಟಿದಳು. ನಾಲ್ಕು ದಿನ ಬಿಟ್ಟು ತೆರಿಗೆ ಎಂದು 15,000 ಕಟ್ಟಿದಳು. ಮೂರನೇ ಸಲ 25,000 ಕೇಳಿದಾಗ ಕೈಯಲ್ಲಿ ದುಡ್ಡಿರಲಿಲ್ಲ. ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಕೇಳಲು ಹೋದಳು.

ಅಲ್ಲಿ ಲೆಕ್ಕ ಬರೆಯುವ ಹೆಣ್ಣುಮಗಳು ಓದಿರುವುದು ಏಳನೇ ತರಗತಿ. ಅವಳು ಒಂದೇ ಪ್ರಶ್ನೆ ಕೇಳಿದಳು: "ಅಕ್ಕಾ, 25 ಲಕ್ಷ ಕೊಡೋರು ಆ 25 ಸಾವಿರನ ಅದರಲ್ಲೇ ಯಾಕೆ ಮುರ್ಕೊಬಾರದು?"

ಅಕ್ಕನಿಗೆ ಅಲ್ಲೇ ಎಲ್ಲ ಅರ್ಥವಾಯಿತು.

ಸುದ್ದಿ ತಿಳಿದು ನಾನು ಓಡಿಹೋಗಿ ಕೂಗಾಡಿದೆ. "ನನಗೆ ಒಂದು ಮಾತು ಕೇಳಬಾರದಿತ್ತಾ?" ಅಂದೆ. ಅಕ್ಕ ತಲೆ ತಗ್ಗಿಸಿ ಹೇಳಿದಳು: "ಕೇಳಿದ್ರೆ ಬೈತಿದ್ದೆ ಕಣಪ್ಪ. ನೀನು ಓದಿದೋನು, ನಿಂಗೆ ಇಂಥದ್ದೆಲ್ಲ ಆಗಲ್ಲ."

ಬಂಧುಗಳೇ, ನನಗೂ ಆಗಿತ್ತು.

2008. ಕನ್ನಡ ಎಂ.ಎ. ಮುಗಿಸಿ ಕೆಲಸವಿಲ್ಲದೆ ಓಡಾಡುತ್ತಿದ್ದೆ. ಇಂಟರ್‌ನೆಟ್ ಸೆಂಟರಿನಲ್ಲಿ ಕೂತು ನೋಡಿದರೆ ಒಂದು ಇಮೇಲ್. ಇಂಗ್ಲೆಂಡಿನ ಲಾಟರಿಯಲ್ಲಿ ನನ್ನ ಇಮೇಲ್ ವಿಳಾಸಕ್ಕೆ 5 ಲಕ್ಷ ಪೌಂಡ್ ಬಂದಿದೆಯಂತೆ. ಹೆಸರು, ವಿಳಾಸ, ಬ್ಯಾಂಕ್ ಖಾತೆ ಎಲ್ಲ ಬರೆದು ಕಳಿಸಿದೆ. ಕೊರಿಯರ್ ಖರ್ಚು ಕೇಳಿದರು. ಅಪ್ಪ ಕುರಿ ಮಾರಿ ನನ್ನ ಬಿ.ಎಡ್. ಫೀಸಿಗೆಂದು ಕೊಟ್ಟಿದ್ದ ದುಡ್ಡಿನಲ್ಲಿ 6,500 ರೂಪಾಯಿಯನ್ನು ಅವರು ಹೇಳಿದ ಖಾತೆಗೆ ಕಟ್ಟಿದೆ. ಆಮೇಲೆ ಉತ್ತರವೇ ಇಲ್ಲ. ಅಪ್ಪನಿಗೆ, "ಬಸ್ಸಿನಲ್ಲಿ ಜೇಬು ಕತ್ತರಿಸಿದರು" ಅಂದೆ.

ಕಳ್ಳ ನನ್ನ ದುಡ್ಡು ಕದ್ದ. ನಾನು ಅಪ್ಪನಿಗೆ ಸುಳ್ಳು ಹೇಳಿದೆ. ಅಪ್ಪ ತೀರಿಕೊಳ್ಳುವವರೆಗೂ ನಾನು ಊರಿಂದ ಹೊರಟಾಗಲೆಲ್ಲ "ಬಸ್ಸಲ್ಲಿ ಜೇಬು ಜ್ವಾಪಾನ ಕಣ್ಲಾ" ಅನ್ನುತ್ತಿದ್ದರು. ಒಮ್ಮೆಯೂ ನಿಜ ಹೇಳಲಾಗಲಿಲ್ಲ. ಅಂದು ಮನೆಯಲ್ಲಿ ನಿಜ ಹೇಳಿದ್ದರೆ ಅಕ್ಕನ ಕಿವಿಗೂ ಅದು ಬೀಳುತ್ತಿತ್ತು. ನನ್ನ ಮೌನದ ಬೆಲೆಯನ್ನು ಅಕ್ಕ ತೆತ್ತಳು ಎಂದೇ ನನಗೆ ಅನ್ನಿಸುತ್ತದೆ.

*ಧಮ್ಮ ಏನು ಹೇಳುತ್ತದೆ?*

ಕೋಲಿಯರ ದೀಘಜಾಣು ಎಂಬ ಗೃಹಸ್ಥ ಭಗವಾನ್ ಬುದ್ಧರ ಬಳಿ ಬಂದು, ಸಂಸಾರದಲ್ಲಿರುವ ನಮ್ಮಂಥವರು ಸುಖವಾಗಿರಲು ಏನು ಮಾಡಬೇಕು ಎಂದು ಕೇಳಿದ. ಬುದ್ಧರು ನಾಲ್ಕು ಸಂಗತಿ ಹೇಳಿದರು: ಶ್ರಮಪಟ್ಟು ದುಡಿಯುವುದು, ದುಡಿದದ್ದನ್ನು ಕಾಪಾಡಿಕೊಳ್ಳುವುದು, ಒಳ್ಳೆಯವರ ಗೆಳೆತನ, ಆದಾಯಕ್ಕೆ ತಕ್ಕ ಬದುಕು. ಎರಡನೆಯದಕ್ಕೆ ಪಾಳಿಯಲ್ಲಿ ಆರಕ್ಖ ಸಂಪದಾ ಎಂದು ಹೆಸರು. ದುಡಿದ ಕಾಸನ್ನು ಕಳ್ಳರಿಂದ ಕಾಪಾಡಿಕೊಳ್ಳುವುದೂ ಧಮ್ಮವೇ. ಅದಕ್ಕೆ ಆಸರೆ ಮೂರನೆಯದು, ಕಲ್ಯಾಣಮಿತ್ರತೆ. ಸಂಘದ ಆ ಹೆಣ್ಣುಮಗಳು ಅಕ್ಕನ ಪಾಲಿಗೆ ಕಲ್ಯಾಣಮಿತ್ರಳಾದಳು. ಮೋಸಗಾರ "ಯಾರಿಗೂ ಹೇಳಬೇಡಿ" ಅನ್ನುವುದು ಅದಕ್ಕೇ. ಅವನಿಗೆ ಭಯವಿರುವುದು ಆ ಇನ್ನೊಬ್ಬರ ಪ್ರಶ್ನೆಯ ಬಗ್ಗೆ.

ಕಾಲಾಮರಿಗೆ ಬುದ್ಧರು ಹೇಳಿದ್ದೂ ಇದನ್ನೇ. ಹೇಳುವವನು ದೊಡ್ಡವನಂತೆ ಕಾಣುತ್ತಾನೆ ಎಂಬ ಕಾರಣಕ್ಕೆ ನಂಬಬೇಡಿ, ಪರೀಕ್ಷಿಸಿ ನೋಡಿ. ಸೀಲು, ಸಹಿ, ದೊಡ್ಡವರ ಫೋಟೋ ಇವು ಯಾವುವೂ ಪುರಾವೆಯಲ್ಲ.

*ಪರೀಕ್ಷಿಸುವುದು ಹೇಗೆ?*

1. ಟಿಕೆಟ್ ಕೊಂಡಿದ್ದೀರಾ? ಕೊಳ್ಳದ ಲಾಟರಿ ಬರುವುದಿಲ್ಲ. ನಮ್ಮ ರಾಜ್ಯದಲ್ಲಂತೂ 2007ರಲ್ಲೇ ಲಾಟರಿ ನಿಷೇಧವಾಗಿದೆ. ಕೇರಳ ಸರ್ಕಾರ 1967ರಿಂದ ಲಾಟರಿ ನಡೆಸುತ್ತಿದೆ. ಅಲ್ಲೂ ಬಹುಮಾನ ಪಡೆಯಲು ಕಾಗದದ ಮೂಲ ಟಿಕೆಟ್ ಕೊಡಲೇಬೇಕು.

2. ಮೊದಲು ದುಡ್ಡು ಕೇಳುತ್ತಿದ್ದಾರಾ? ನಿಜವಾದ ದೊಡ್ಡ ಬಹುಮಾನವಾದರೆ ತೆರಿಗೆಯನ್ನು ಕೊಡುವವರೇ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಾರೆ. ಗೆದ್ದವರಿಂದ ಮುಂಗಡ ಕಟ್ಟಿಸಿಕೊಳ್ಳುವುದಿಲ್ಲ.

3. ವಿದೇಶದ ಲಾಟರಿಯಾ? ಲಾಟರಿಗೆಂದು ಭಾರತದಿಂದ ಹೊರದೇಶಕ್ಕೆ ಹಣ ಕಳಿಸುವುದು ಕಾನೂನಿಗೇ ವಿರುದ್ಧ. ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಪತ್ರ ಬಂದರೂ ನಂಬಬೇಡಿ. ಆ ಬ್ಯಾಂಕು ನಮ್ಮ ನಿಮ್ಮಂಥ ಜನರ ಹೆಸರಿನಲ್ಲಿ ಖಾತೆ ಇಡುವುದಿಲ್ಲ.

4. ಪಿನ್, ಒಟಿಪಿ ಕೇಳುತ್ತಿದ್ದಾರಾ? ಯುಪಿಐ ಪಿನ್ ಒತ್ತುವುದು ದುಡ್ಡು ಕೊಡಲಿಕ್ಕೆ. ದುಡ್ಡು ಬರಲಿಕ್ಕೆ ಪಿನ್ ಬೇಕಾಗಿಲ್ಲ.

5. ಅವಸರ ಮಾಡುತ್ತಿದ್ದಾರಾ? "ಇವತ್ತೇ ಕಡೇ ದಿನ" ಎಂದರೆ ಒಂದು ರಾತ್ರಿ ಸುಮ್ಮನಿದ್ದು ಬೆಳಿಗ್ಗೆ ಒಬ್ಬರನ್ನಾದರೂ ಕೇಳಿ.

ಈ ಮೋಸ ನಮ್ಮ ಊರಿನದಷ್ಟೇ ಅಲ್ಲ. ನಮ್ಮಲ್ಲಿ ವಂಚಕನಿಗೆ 420 ಅನ್ನುವಂತೆ, ಹೀಗೆ ಮುಂಗಡ ಕಟ್ಟಿಸಿಕೊಳ್ಳುವ ಮೋಸಕ್ಕೆ ನೈಜೀರಿಯಾದ ಕಾನೂನಿನ ಕಲಮಿನಿಂದ 419 ಎಂಬ ಹೆಸರು ಬಂದಿದೆ. ಲೋಕದ ಎಲ್ಲ ಕಡೆ ಓದಿದವರೂ ಓದದವರೂ ಇದಕ್ಕೆ ಸಿಕ್ಕಿದ್ದಾರೆ. ಲೋಭ ಎಲ್ಲರಲ್ಲೂ ಇದೆ. ಕಷ್ಟದಲ್ಲಿರುವವರಿಗೆ ಆಸೆ ಇನ್ನೂ ಬೇಗ ಹತ್ತುತ್ತದೆ. ಮಗಳ ಮದುವೆ, ಮನೆಯ ಸಾಲ, ಮಗನ ಫೀಸು ಕಣ್ಣ ಮುಂದೆ ಬಂದಾಗ ಪ್ರಶ್ನೆ ಕೇಳುವ ಬುದ್ಧಿ ಹಿಂದೆ ಸರಿಯುತ್ತದೆ. ಹಾಗಾಗಿ ಸಿಕ್ಕಿಬಿದ್ದವರನ್ನು ನೋಡಿ ನಗಬಾರದು. ಬಾಬಾಸಾಹೇಬರು ನಮ್ಮ ಮುಂದಿಟ್ಟದ್ದು ಪ್ರಜ್ಞೆ, ಶೀಲ, ಕರುಣೆ. ಅಕ್ಕನ ಮುಂದೆ ಕೂಗಾಡಿದ ದಿನ ನನ್ನಲ್ಲಿ ಕರುಣೆ ಇರಲಿಲ್ಲ. ಕರುಣೆ ಇಲ್ಲದ ಕಡೆ ಯಾರು ತಾನೇ ಬಂದು ಸಂಶಯ ಕೇಳುತ್ತಾರೆ?

*ದುಡ್ಡು ಕಟ್ಟಿಬಿಟ್ಟಿದ್ದರೆ?*

ನಾಚಿಕೆಪಟ್ಟು ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಸಂದೇಶ, ನಂಬರು, ಕಟ್ಟಿದ ವಿವರ ಯಾವುದನ್ನೂ ಅಳಿಸಬೇಡಿ. ಬೇಗ ದೂರು ಕೊಟ್ಟರೆ ಹಣ ಕೈದಾಟುವ ಮೊದಲೇ ತಡೆಹಿಡಿಯುವ ಅವಕಾಶ ಇರುತ್ತದೆ. ಅಕ್ಕ ದೂರು ಕೊಟ್ಟದ್ದು ಹನ್ನೊಂದು ದಿನದ ಮೇಲೆ. ದುಡ್ಡು ಇನ್ನೂ ಬಂದಿಲ್ಲ.

ಅಂದು ರಾತ್ರಿ ಅಕ್ಕನಿಗೆ ನನ್ನ 6,500ರ ಕಥೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅಪ್ಪಂಗೆ ಹೇಳಿದ್ರೆ ಬೈತಿರಲಿಲ್ಲ ಕಣೋ" ಅಂದಳು. ಅದು ನನಗೂ ಗೊತ್ತು.

*ಇಂದಿನ ಅಭ್ಯಾಸ:* ಸಂಜೆ ತ್ರಿಶರಣ ಪಂಚಶೀಲ ಹೇಳಿದ ಮೇಲೆ, ನೀವು ಮೋಸಹೋದ ಒಂದು ಸಂಗತಿಯನ್ನು ಮನೆಯವರ ಮುಂದೆ ಹೇಳಿ. ಮುಖ್ಯವಾಗಿ ಮಕ್ಕಳು, ಅಜ್ಜ ಅಜ್ಜಿಯರು ಕೇಳುವಂತೆ ಹೇಳಿ. ನಾಳೆ ಅವರಿಗೆ ಅಂಥ ಸಂದೇಶ ಬಂದರೆ ಮೊದಲು ನಿಮ್ಮ ಹತ್ತಿರ ಬರುತ್ತಾರೆ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು. 🙏
ಜೈಭೀಮ್.