ಮತ್ತೊಮ್ಮೆ ಸ್ಕ್ಯಾನ್ ಅಂದಿದ್ದಾರೆ, ಭಯವಾಗುತ್ತಿದೆ

ಪ್ರಶ್ನೆ: ನನಗೀಗ 20 ವಾರ. ಅಂಗಾಂಗಗಳನ್ನು ನೋಡುವ ಅನಾಮಲಿ ಸ್ಕ್ಯಾನ್‌ನಲ್ಲಿ ಮಗುವಿನ ಹೃದಯ ಸರಿಯಾಗಿ ಕಾಣಲಿಲ್ಲ, ಮುಂದಿನ ವಾರ ಮತ್ತೆ ಬನ್ನಿ ಎಂದರು. ಅಂದಿನಿಂದ ನಿದ್ದೆಯಿಲ್ಲ. ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ಕಿರಣ ತಾಗುತ್ತದೆ, ಹೋಗಬೇಡ ಅನ್ನುತ್ತಾರೆ ಅತ್ತೆ. ಏನು ಮಾಡಲಿ?
– ಓದುಗರು, ಜೆ.ಪಿ. ನಗರ

ಉತ್ತರ: ಇಂಥ ಮಾತು ಕೇಳಿ ಬಂದ ಮೇಲೆ ನಿದ್ದೆ ಹತ್ತದಿರುವುದು ಸಹಜ. ಅದಕ್ಕಾಗಿ ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ಅತ್ತೆಯವರ ಮಾತಿನ ಹಿಂದಿರುವುದೂ ಮಗುವಿನ ಕಾಳಜಿಯೇ.

ಆದರೆ ಒಂದನ್ನು ಗಮನಿಸಿ. ಅವರು ಹೇಳಿದ್ದು 'ಹೃದಯ ಸರಿಯಾಗಿ ಕಾಣಲಿಲ್ಲ' ಎಂದು. ನಿಮ್ಮ ಮನಸ್ಸು ಕೇಳಿಸಿಕೊಂಡದ್ದು 'ಹೃದಯ ಸರಿಯಿಲ್ಲ' ಎಂದು. ಇವೆರಡೂ ಒಂದೇ ಅಲ್ಲ.

ಯಾಕೆ ಕಾಣದೆ ಹೋಗಬಹುದು ಎಂದು ತಿಳಿಯಲು ಸ್ಕ್ಯಾನ್ ಹೇಗೆ ನಡೆಯುತ್ತದೆಂದು ನೋಡಿ. ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್‌ನೊಳಗೆ ಪುಟ್ಟ ಹರಳುಗಳಿವೆ. ಕರೆಂಟ್ ಕೊಟ್ಟಾಗ ಅವು ಕಂಪಿಸಿ ಶಬ್ದ ಹೊರಡಿಸುತ್ತವೆ. ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20 ಸಾವಿರ ಕಂಪನಗಳವರೆಗೆ. ಬಸಿರಿನ ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ 20ರಿಂದ 50 ಲಕ್ಷ. ಆ ಶಬ್ದ ಮೈಯೊಳಗೆ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಸಾಗಿ, ತಗುಲಿದ ಕಡೆಯಿಂದ ಪ್ರತಿಧ್ವನಿಯಾಗಿ ಮರಳುತ್ತದೆ. ಮರಳಲು ಹಿಡಿದ ಹೊತ್ತಿನಿಂದ ಆಳವನ್ನು ಲೆಕ್ಕ ಹಾಕಿ ಯಂತ್ರ ಚಿತ್ರ ಮೂಡಿಸುತ್ತದೆ. ಪ್ರೋಬ್‌ಗೂ ಚರ್ಮಕ್ಕೂ ನಡುವೆ ಗಾಳಿ ಉಳಿದರೆ ಶಬ್ದ ಒಳಗೆ ಹೋಗುವುದಿಲ್ಲ. ಆ ತಣ್ಣನೆಯ ಜೆಲ್ ಹಚ್ಚುವುದು ಅದಕ್ಕೇ. ಪ್ರತಿಧ್ವನಿ ಬಾರದ ಗರ್ಭದ ನೀರು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ. ಮೂಳೆ ಶಬ್ದವನ್ನು ತಡೆದು, ಹಿಂದೆ ನೆರಳು ಬೀಳಿಸುತ್ತದೆ. ಮಗು ಪ್ರೋಬ್‌ನ ಕಡೆ ಬೆನ್ನು ಮಾಡಿ ಮಲಗಿದ್ದರೆ ಬೆನ್ನುಮೂಳೆ, ಪಕ್ಕೆಲುಬುಗಳ ನೆರಳು ಹೃದಯವನ್ನು ಮುಚ್ಚಿಬಿಡುತ್ತದೆ. ಮತ್ತೆ ಕರೆಯುವುದಕ್ಕೆ ಎಷ್ಟೋ ಸಲ ಇದೇ ಕಾರಣ. ವಾರ ಕಳೆದರೆ ಮಗು ಮಗ್ಗುಲು ಬದಲಿಸಿರುತ್ತದೆ, ಹೃದಯವೂ ತುಸು ದೊಡ್ಡದಾಗಿರುತ್ತದೆ.

ಅತ್ತೆಯವರಿಗೆ ಇದನ್ನೇ ನಿಧಾನವಾಗಿ ಹೇಳಿ. ಇದು ಎಕ್ಸ್-ರೇ ಅಲ್ಲ, ಬರೀ ಶಬ್ದ. ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಗರ್ಭದ ಸ್ಕ್ಯಾನ್ ಚಿತ್ರಗಳನ್ನು ಪ್ರಕಟಿಸಿದ್ದು 1958ರಲ್ಲಿ. ಇಷ್ಟು ವರ್ಷಗಳ ಬಳಕೆಯಲ್ಲಿ, ವೈದ್ಯರು ಅಗತ್ಯಕ್ಕೆಂದು ಮಾಡುವ ಸ್ಕ್ಯಾನ್‌ನಿಂದ ಮಗುವಿಗೆ ಹಾನಿಯಾಗುತ್ತದೆಂದು ದೃಢಪಟ್ಟಿಲ್ಲ. ಶಬ್ದದಿಂದ ಅಂಗಾಂಶ ಅತ್ಯಲ್ಪ ಬೆಚ್ಚಗಾಗಬಹುದು, ಆದ್ದರಿಂದ ಬೇಕಿಲ್ಲದೆ, ಬರೀ ಫೋಟೋಗೆಂದು ಮಾಡಿಸುವುದು ಬೇಡ, ನಿಜ. ನಿಮ್ಮದು ಅಂಥದ್ದಲ್ಲ.

ಹೋಗುವ ಮೊದಲು 'ಯಾಕೆ ಕಾಣಲಿಲ್ಲ?' ಎಂದು ವೈದ್ಯರನ್ನು ನೇರವಾಗಿ ಕೇಳಿ. ಉತ್ತರವನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಒಂದು ವೇಳೆ ಅನುಮಾನ ಉಳಿದರೆ ಅವರೇ ಮಗುವಿನ ಹೃದಯವನ್ನಷ್ಟೇ ವಿವರವಾಗಿ ನೋಡುವ ಸ್ಕ್ಯಾನ್, ಫೀಟಲ್ ಎಕೋ ಸೂಚಿಸುತ್ತಾರೆ. ಮಕ್ಕಳ ಹೃದಯ ತಜ್ಞರು ನಿಮಗೆ ಹತ್ತಿರದ ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆಯಲ್ಲೇ ಇದ್ದಾರೆ. ಇಷ್ಟಾದರೂ ನಿದ್ದೆ ಬಾರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು. ನಿಮ್ಹಾನ್ಸ್‌ನಲ್ಲಿ ಗರ್ಭಿಣಿ, ಬಾಣಂತಿಯರ ಮನಸ್ಸಿನ ಆರೈಕೆಗೆಂದೇ ಪ್ರತ್ಯೇಕ ಸೇವೆಯೂ ಇದೆ.

ಸಾಧ್ಯವಾದರೆ ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮುಂದಿನ ವಾರದ ಸ್ಕ್ಯಾನ್ ಮಾತ್ರ ತಪ್ಪಿಸಬೇಡಿ.