ಬೌರಿ ಬೀದಿಯ ಹಾಡುಮನೆ

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಬೌರಿ ಎಂಬ ಹಳೆಯ ಬೀದಿಯೊಂದಿದೆ. ಆ ನಗರವು 1664ರ ವರೆಗೆ ಡಚ್ಚರ ವಶದಲ್ಲಿತ್ತು. ಹೊಲಮನೆ ಎಂಬ ಅರ್ಥದ ಹಳೆಯ ಡಚ್ ಶಬ್ದವೇ ಬಾಯಿಂದ ಬಾಯಿಗೆ ಸವೆದು ಬೌರಿ ಎಂದಾಗಿದೆ. ಹೊಲಗಳು ಹೋಗಿ ಶತಮಾನಗಳೇ ಕಳೆದುವು. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಅದು ಮನೆಮಾರು ಕಳೆದುಕೊಂಡವರ, ಕುಡಿತಕ್ಕೆ ಬಿದ್ದವರ ಬೀದಿಯೆಂದು ಹೆಸರಾಗಿತ್ತು. ಬಡವರಿಗೆ ರಾತ್ರಿ ಕಳೆಯಲು ಅತಿ ಅಗ್ಗದ ವಸತಿಗೃಹಗಳು ಅಲ್ಲಿ ಸಾಲಾಗಿದ್ದುವು. ಅಂತಹ ಒಂದು ವಸತಿಗೃಹದ ಕೆಳಗಣ ಅಂತಸ್ತಿನಲ್ಲಿ, 315ನೆಯ ನಂಬರಿನಲ್ಲಿ, 1973ರಿಂದ 2006ರ ವರೆಗೆ ನಡೆದ ಸಂಗೀತ ಕ್ಲಬ್ಬೊಂದರ ಚರಿತ್ರೆಯನ್ನು ಇಲ್ಲಿ ಹೇಳಲಿದ್ದೇವೆ.

ನಮ್ಮ ಮಕ್ಕಳಿಗೆ ಕ್ಲಬ್ಬೆಂದರೆ ಊರ ಯುವಕರ ಸಂಘ, ವಾಲಿಬಾಲ್ ಪಂದ್ಯ, ವಾರ್ಷಿಕೋತ್ಸವ ಇವೇ ನೆನಪಾಗುತ್ತವೆ. ಪಾಶ್ಚಾತ್ಯ ನಗರಗಳಲ್ಲಿ ಸಂಗೀತ ಕ್ಲಬ್ಬೆಂದರೆ ಬೇರೆ. ಬಾಗಿಲಲ್ಲಿ ಹಣ ಕೊಟ್ಟು ಒಳಹೋಗಬೇಕು. ಒಂದು ಬದಿಯಲ್ಲಿ ಪಾನೀಯಗಳ ಮಾರಾಟ, ಒಂದು ಮೂಲೆಯಲ್ಲಿ ಸಣ್ಣ ವೇದಿಕೆ, ಅದರ ಮೇಲೆ ಗಿಟಾರು, ಡ್ರಮ್ಮುಗಳೊಂದಿಗೆ ಹಾಡುವ ತಂಡ.

ಇದನ್ನು ಸ್ಥಾಪಿಸಿದವರು ಹಿಲ್ಲಿ ಕ್ರಿಸ್ಟಲ್. 1931ರಲ್ಲಿ ಹುಟ್ಟಿ ನ್ಯೂಜೆರ್ಸಿ ರಾಜ್ಯದ ಹೊಲಮನೆಯೊಂದರಲ್ಲಿ ಬೆಳೆದವರು. ಬಾಲ್ಯದಲ್ಲಿ ಪಿಟೀಲು ಕಲಿತು, ಮುಂದೆ ನ್ಯೂಯಾರ್ಕಿನ ರೇಡಿಯೋ ಸಿಟಿ ಸಂಗೀತ ಮಂದಿರದ ಮೇಳಗಾಯನದಲ್ಲಿ ಹಾಡಿ, ಜಾಝ್ ಸಂಗೀತಕ್ಕೆ ಪ್ರಸಿದ್ಧವಾದ ವಿಲೇಜ್ ವ್ಯಾನ್‌ಗಾರ್ಡ್ ಎಂಬ ಕ್ಲಬ್ಬಿನಲ್ಲಿ ಮೇಲ್ವಿಚಾರಕರಾಗಿದ್ದವರು. ಬೌರಿಯಲ್ಲಿ ಅವರು ನಡೆಸುತ್ತಿದ್ದ ಪಾನಗೃಹಕ್ಕೆ 1973ರ ಡಿಸೆಂಬರಿನಲ್ಲಿ ಸಿ.ಬಿ.ಜಿ.ಬಿ. ಎಂದು ಹೊಸ ಹೆಸರಿಟ್ಟರು. ಕಂಟ್ರಿ, ಬ್ಲೂಗ್ರಾಸ್, ಬ್ಲೂಸ್ ಎಂಬ ಮೂರು ಬಗೆಯ ಸಂಗೀತಗಳ ಮೊದಲಕ್ಷರಗಳವು. ಮೂರೂ ಅಮೆರಿಕದ ಹಳ್ಳಿಗಾಡಿನ ಮತ್ತು ನೀಗ್ರೋ ಜನರೆಂದು ಆ ಕಾಲದಲ್ಲಿ ಕರೆಯಲಾಗುತ್ತಿದ್ದ ಕಪ್ಪು ಜನಾಂಗದವರ ನಡುವೆ ಹುಟ್ಟಿ ಬೆಳೆದ ಜನಪದ ಪ್ರಕಾರಗಳು. ಹೆಸರಿನ ಕೆಳಗೆ ಇನ್ನೊಂದು ಸಾಲು ಅಕ್ಷರಗಳಿದ್ದುವು. ಸಂಗೀತವನ್ನು ಹೊಟ್ಟೆಬಾಕರಂತೆ ಸವಿಯುವವರಿಗಾಗಿ ಇತರ ಸಂಗೀತ ಎಂಬುದು ಅದರ ತಾತ್ಪರ್ಯ. ತಮಾಷೆ ಏನೆಂದರೆ, ಹೆಸರಿನಲ್ಲಿದ್ದ ಮೂರು ಬಗೆಗಳಾವುವೂ ಅಲ್ಲಿ ಹೆಚ್ಚುಕಾಲ ನಿಲ್ಲಲಿಲ್ಲ; ಕ್ಲಬ್ಬು ಪ್ರಸಿದ್ಧವಾದದ್ದು ಆ ‘ಇತರ’ದಿಂದಲೇ.

ಅದಕ್ಕೆ ಕಾರಣವನ್ನು ತಿಳಿಯಬೇಕು. ಆಗ ರಾಕ್ ಸಂಗೀತ ದೊಡ್ಡ ವ್ಯಾಪಾರವಾಗಿತ್ತು. ಹೆಸರಾಂತ ತಂಡಗಳು ಕ್ರೀಡಾಂಗಣಗಳಲ್ಲಿ ಸಾವಿರಾರು ಜನರ ಮುಂದೆ ಹಾಡುತ್ತಿದ್ದುವು. ಹೆಸರಿಲ್ಲದ ಹುಡುಗರಿಗೆ ವೇದಿಕೆಯೇ ದುರ್ಲಭ. ಅಂತಹವರಿಗೆ ಆಶ್ರಯವಾಗಿದ್ದ ಮರ್ಸರ್ ಕಲಾಕೇಂದ್ರವು 1973ರ ಆಗಸ್ಟ್ 3ರಂದು, ತಾನಿದ್ದ ಹಳೆಯ ಹೋಟೆಲು ಕಟ್ಟಡ ಕುಸಿದುಬಿದ್ದಾಗ, ಅದರೊಂದಿಗೇ ಹೋಯಿತು. ನಗರಸಭೆಯ ಬೊಕ್ಕಸವೂ ಬರಿದಾಗುತ್ತ ಬಂದು 1975ರಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ತಲಪಿತ್ತು. ಆದರೆ ಇಂತಹ ಕಾಲದಲ್ಲಿ ಒಂದು ಅನುಕೂಲವೂ ಇತ್ತು: ಬೌರಿಯ ಸುತ್ತಮುತ್ತ ಬಾಡಿಗೆ ಕಡಿಮೆ. ಕೈಯಲ್ಲಿ ಕಾಸಿಲ್ಲದ ಕವಿಗಳು, ಚಿತ್ರಕಾರರು, ಗಾಯಕರು ಅಲ್ಲಿಗೆ ಬಂದು ನೆಲೆಸಿದರು.

ಕ್ರಿಸ್ಟಲ್ ಅವರು ತಾವೇ ಹೇಳಿಕೊಂಡಂತೆ, ಏಣಿ ಹತ್ತಿ ಅಂಗಡಿಯ ಮುಂದಿನ ಮಾಡನ್ನು ಸರಿಪಡಿಸುತ್ತಿದ್ದಾಗ ಕೆಲವು ಹುಡುಗರು ಬಂದು, ಇಲ್ಲಿ ಹಾಡಲು ಅವಕಾಶವುಂಟೇ ಎಂದು ಕೇಳಿದರಂತೆ. ಟೆಲಿವಿಷನ್ ಎಂಬ ಹೆಸರಿನ ಆ ತಂಡ 1974ರ ಮಾರ್ಚ್ 31ರಂದು ಅಲ್ಲಿ ಹಾಡಿತು. ಮೊದಲ ಸಲ ಅವರ ಸಂಗೀತ ಕ್ರಿಸ್ಟಲ್ ಅವರಿಗೆ ಹಿಡಿಸಲಿಲ್ಲ. ಆದರೂ ಬೇಡವೆನ್ನಲಿಲ್ಲ. ಈ ಸಣ್ಣ ಸಂಗತಿಯನ್ನು ನಾವು ದೊಡ್ಡದೆಂದೇ ಎಣಿಸುತ್ತೇವೆ.

ಕ್ಲಬ್ಬಿನ ನಿಯಮಗಳು ಸರಳ. ತಂಡದವರು ತಮ್ಮ ವಾದ್ಯಗಳನ್ನು ತಾವೇ ಹೊತ್ತು ತರಬೇಕು. ಬಾಗಿಲಲ್ಲಿ ಸೇರಿದ ಹಣ ಹಾಡಿದವರಿಗೆ, ಪಾನೀಯದ ಹಣ ಮಾಲಿಕರಿಗೆ. ಮುಖ್ಯವಾದ ನಿಯಮವೆಂದರೆ, ಸ್ವಂತವಾಗಿ ರಚಿಸಿದ ಹಾಡುಗಳನ್ನೇ ಹಾಡಬೇಕು. ಬೇರೆಯವರ ಹಾಡನ್ನು ಸಾರ್ವಜನಿಕವಾಗಿ ಹಾಡಿಸಿದರೆ ಅದರ ಕರ್ತೃಗಳಿಗೆ ಗೌರವಧನ ಸಲ್ಲಿಸಬೇಕಾಗುತ್ತದೆ; ಅದನ್ನು ಉಳಿಸಲೆಂದೇ ಈ ನಿಯಮ ಮಾಡಿದರೆಂದು ಕೆಲವರು ಹೇಳುವುದುಂಟು. ಹಾಗಿದ್ದರೂ ಫಲ ಮಾತ್ರ ಒಳ್ಳೆಯದಾಯಿತು. ಕುಂಬಳೆಯ ಪಾರ್ತಿಸುಬ್ಬ ರಚಿಸಿದ ಪದಗಳನ್ನು ಶತಮಾನಗಳ ಬಳಿಕವೂ ಭಾಗವತರ ಬಾಯಿಂದ ಕೇಳಿ ತಲೆದೂಗುವ ನಮಗೆ, ಹಿಂದಿನವರ ಹಾಡು ಹಾಡಬೇಡ ಎಂಬ ನಿಯಮ ವಿಚಿತ್ರವೆನಿಸೀತು. ಹಳೆಯದನ್ನು ಕಾಪಾಡುವುದು ಒಂದು ಕೆಲಸ, ಹೊಸದಕ್ಕೆ ಎಡೆಮಾಡುವುದು ಇನ್ನೊಂದು. ಕ್ರಿಸ್ಟಲ್ ಆರಿಸಿಕೊಂಡದ್ದು ಎರಡನೆಯದನ್ನು.

1974ರ ಆಗಸ್ಟಿನಲ್ಲಿ ರಮೋನ್ಸ್ ಎಂಬ ತಂಡ ಬಂತು. ನಾಲ್ವರೂ ನ್ಯೂಯಾರ್ಕಿನ ಕ್ವೀನ್ಸ್ ಭಾಗದವರು. ರಕ್ತಸಂಬಂಧವೇನೂ ಇಲ್ಲದಿದ್ದರೂ ಎಲ್ಲರೂ ರಮೋನ್ ಎಂಬ ಒಂದೇ ಕುಲನಾಮ ಇಟ್ಟುಕೊಂಡಿದ್ದರು. ಅವರ ಹಾಡುಗಳು ಎರಡು ನಿಮಿಷದಷ್ಟೇ. ಆಲಾಪನೆಯಿಲ್ಲ, ಅಲಂಕಾರವಿಲ್ಲ, ಬಿರುಸಿನ ಲಯವೊಂದೇ. 1976ರಲ್ಲಿ ಬಂದ ಅವರ ಮೊದಲ ಧ್ವನಿಮುದ್ರಿಕೆಯಲ್ಲಿ 14 ಹಾಡುಗಳಿದ್ದು ಒಟ್ಟು ಅವಧಿ 30 ನಿಮಿಷಕ್ಕೂ ಕಡಿಮೆ. ಮುದ್ರಣಕ್ಕೆ ತಗಲಿದ ವೆಚ್ಚ ಸುಮಾರು 6,400 ಡಾಲರು. ದೊಡ್ಡ ತಂಡಗಳು ಒಂದೊಂದು ಮುದ್ರಿಕೆಗೆ ತಿಂಗಳುಗಟ್ಟಲೆ ದುಡಿಯುತ್ತಿದ್ದ ಕಾಲವದು. ಇಂತಹ ಸಂಗೀತಕ್ಕೆ ‘ಪಂಕ್’ ಎಂಬ ಹೆಸರು ಬಿತ್ತು. ಪುಂಡ, ನಿಷ್ಪ್ರಯೋಜಕ ಎಂಬ ಅರ್ಥದ ಬೈಗುಳವದು. ಬೈದವರ ಮಾತನ್ನೇ ಹುಡುಗರು ಬಿರುದಾಗಿ ಮಾಡಿಕೊಂಡರು.

ಎಲ್ಲ ತಂಡಗಳೂ ಒಂದೇ ತೆರನೆಂದು ತಿಳಿಯಬಾರದು. ಪ್ಯಾಟಿ ಸ್ಮಿತ್ ಮೂಲತಃ ಕವಯಿತ್ರಿ. 1971ರಲ್ಲಿ ಇಗರ್ಜಿಯೊಂದರ ಕವಿಗೋಷ್ಠಿಯಲ್ಲಿ ಗಿಟಾರಿನ ಹಿಮ್ಮೇಳದೊಡನೆ ಕವಿತೆ ಓದಿದವರು, 1975ರಲ್ಲಿ ಸಿ.ಬಿ.ಜಿ.ಬಿ.ಯಲ್ಲಿ ವಾರಗಟ್ಟಲೆ ಹಾಡಿದರು. ಅದೇ ವರ್ಷ ಅವರ ಮೊದಲ ಮುದ್ರಿಕೆ ‘ಹಾರ್ಸಸ್’ ಹೊರಬಂತು. ಟಾಕಿಂಗ್ ಹೆಡ್ಸ್ ತಂಡದವರು ಕಲಾಶಾಲೆಯಲ್ಲಿ ಓದಿದವರು. ಬ್ಲಾಂಡಿ ತಂಡದ ಹಾಡೊಂದು 1979ರಲ್ಲಿ ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲನೆಯದಾಯಿತು. 1975ರ ಬೇಸಗೆಯಲ್ಲಿ ಕ್ರಿಸ್ಟಲ್ ಅವರು, ಇನ್ನೂ ಧ್ವನಿಮುದ್ರಿಕೆ ಬಾರದ ತಂಡಗಳದೇ ಒಂದು ಉತ್ಸವವನ್ನು ನಡೆಸಿದ್ದರು. ಪತ್ರಿಕೆಗಳ ದೃಷ್ಟಿ ಈ ಬೀದಿಯತ್ತ ಹರಿಯಲು ಅದು ಬಹಳ ನೆರವಾಯಿತು.

ಹೆತ್ತವರು ಈ ಲೇಖನವನ್ನು ಓದುತ್ತಿರುವುದರಿಂದ ಇನ್ನೊಂದು ಮುಖವನ್ನೂ ಹೇಳಲೇಬೇಕು. ಅಲ್ಲಿಯ ಶೌಚಾಲಯದ ಹೊಲಸು ದೇಶಪ್ರಸಿದ್ಧವಾಗಿತ್ತು. ಅದನ್ನು ನಗುತ್ತಾ ಹೇಳಬಹುದು. ಮಾದಕದ್ರವ್ಯಗಳ ವಿಷಯವನ್ನು ಹಾಗೆ ಹೇಳಲಾಗದು. ರಮೋನ್ಸ್ ತಂಡದ ಡೀ ಡೀ 2002ರಲ್ಲಿ ಅದಕ್ಕೇ ಬಲಿಯಾದರು. ಅದೇ ವರ್ಷ, ಕೆಲವೇ ತಿಂಗಳ ಹಿಂದೆ, ಆ ತಂಡಕ್ಕೆ ರಾಕ್ ಸಂಗೀತದ ಅತ್ಯುಚ್ಚ ಗೌರವ ಸಂದಿತ್ತು.

ಕ್ಲಬ್ಬಿನ ಕೊನೆಗೆ ಕಾರಣವಾದದ್ದು ಬಾಡಿಗೆ. ಅಗ್ಗವಾಗಿದ್ದ ಬೌರಿ ದುಬಾರಿಯಾಗುತ್ತ ಬಂದಿತ್ತು. ಮೇಲಿನ ಅಂತಸ್ತುಗಳಲ್ಲಿ ಮನೆಯಿಲ್ಲದವರಿಗೆ ಆಶ್ರಯ ನೀಡುತ್ತಿದ್ದ ಸೇವಾಸಂಸ್ಥೆಯೇ ಕ್ಲಬ್ಬಿಗೆ ಬಾಡಿಗೆದಾತ. ಸುಮಾರು 91,000 ಡಾಲರು ಬಾಕಿಯಿದೆಯೆಂದು ಸಂಸ್ಥೆ ನ್ಯಾಯಾಲಯಕ್ಕೆ ಹೋಯಿತು. ಬಾಡಿಗೆ ಏರಿಸಿದ್ದನ್ನು ತನಗೆ ಸರಿಯಾಗಿ ತಿಳಿಸಲೇ ಇಲ್ಲವೆಂದು ಕ್ರಿಸ್ಟಲ್ ವಾದಿಸಿದರು. 2005ರ ಆಗಸ್ಟಿನಲ್ಲಿ ತೀರ್ಪು ಕ್ರಿಸ್ಟಲ್ ಅವರ ಪರವಾಗಿಯೇ ಬಂತು. ಆದರೆ ಅದೇ ತಿಂಗಳ ಕೊನೆಗೆ ಕರಾರಿನ ಅವಧಿ ಮುಗಿಯಿತು, ಸಂಸ್ಥೆ ಅದನ್ನು ನವೀಕರಿಸಲಿಲ್ಲ. ಗೆದ್ದ ವ್ಯಾಜ್ಯದಿಂದ ನೆಲೆ ಉಳಿಯಲಿಲ್ಲ. ಒಂದೆಡೆ ಹಾಡಿನ ಮನೆ, ಇನ್ನೊಂದೆಡೆ ಸೂರಿಲ್ಲದವರ ಮನೆ. ಯಾರ ಪಕ್ಷ ವಹಿಸಬೇಕೆಂದು ತರಗತಿಯಲ್ಲಿ ಚರ್ಚಿಸಿದರೆ ಎರಡು ಅವಧಿಯೂ ಸಾಲದು.

2006ರ ಅಕ್ಟೋಬರ್ 15ರಂದು ಕೊನೆಯ ಕಛೇರಿ. ಹಾಡಿದವರು ಪ್ಯಾಟಿ ಸ್ಮಿತ್. ಕೊನೆಯಲ್ಲಿ ಅವರು ತೀರಿಹೋದ ಸಂಗೀತಗಾರರ ಹೆಸರುಗಳನ್ನು ಒಂದೊಂದಾಗಿ ಓದಿದರು. ಮರುವರ್ಷದ ಆಗಸ್ಟಿನಲ್ಲಿ ಕ್ರಿಸ್ಟಲ್ ಅವರೂ ತೀರಿಕೊಂಡರು. 2008ರಲ್ಲಿ ಆ ಜಾಗದಲ್ಲಿ ಬೆಲೆಬಾಳುವ ಉಡುಪುಗಳ ಅಂಗಡಿ ತೆರೆಯಿತು. 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾ ಸಂಗ್ರಹಾಲಯವು ಪಂಕ್ ಉಡುಪುಗಳ ಪ್ರದರ್ಶನವೊಂದನ್ನು ಏರ್ಪಡಿಸಿದಾಗ, ಸಿ.ಬಿ.ಜಿ.ಬಿ.ಯ ಆ ಹೊಲಸು ಶೌಚಾಲಯದ ಯಥಾವತ್ ಪ್ರತಿಕೃತಿಯನ್ನು ಕಟ್ಟಿ ನೋಡುಗರ ಮುಂದಿಟ್ಟಿತು.