ಹಿಟ್ಟಿನೊಳಗಿನ ತರಕಾರಿ: ಮಫಿನ್ ಬಗ್ಗೆ ಓದುಗರ ಪ್ರಶ್ನೆಗಳಿಗೆ ಉತ್ತರ

ಶಾಲೆ ಶುರುವಾದರೆ ಡಬ್ಬಿಯ ಚಿಂತೆಯೂ ಶುರು. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ತರಕಾರಿ ಹಾಕಿದ ಮಫಿನ್ ಬಗ್ಗೆಯೇ ಇದ್ದವು. ಅವುಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರವಿದೆ. ಕಪ್ ಎಂದಲ್ಲೆಲ್ಲ 240 ಮಿ.ಲೀ. ಹಿಡಿಯುವ ಅಳತೆ ಕಪ್ ಎಂದು ತಿಳಿಯಿರಿ. ಮನೆಯ ಲೋಟದ ಲೆಕ್ಕ ಹಿಡಿದರೆ ಬೇಕಿಂಗ್ ಕೈಕೊಡುತ್ತದೆ.

ಪ್ರಶ್ನೆ: ನನ್ನ ನಾಲ್ಕು ವರ್ಷದ ಮಗ ತರಕಾರಿ ಮುಟ್ಟುವುದಿಲ್ಲ. ಸಾಂಬಾರಿನ ಬೀನ್ಸ್ ಹೋಳುಗಳನ್ನೂ ಹುಡುಕಿ ತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾನೆ. ಕೇಕ್ ಎಂದರೆ ಮಾತ್ರ ಪ್ರಾಣ. ಮೈದಾ ಇಲ್ಲದೆ, ತರಕಾರಿ ಸೇರಿಸಿ ಮಫಿನ್ ಮಾಡುವ ನೆಚ್ಚಬಹುದಾದ ಅಳತೆ ಕೊಡುವಿರಾ? ದಿನಾ ಒಂದೆರಡು ಕೊಟ್ಟರೆ ತರಕಾರಿಯ ಕೊರತೆ ನೀಗೀತೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಸಿಹಿಗುಂಬಳ ಮತ್ತು ಕ್ಯಾರೆಟ್‌ನಿಂದ ಆರಂಭಿಸಿ. ಎರಡಕ್ಕೂ ಸಹಜವಾದ ಸಿಹಿ ಇದೆ, ಬೆಂದ ಮೇಲೆ ಬಣ್ಣವೂ ಚೆನ್ನಾಗಿರುತ್ತದೆ. ಕುಂಬಳದ ಹೋಳುಗಳನ್ನು ನೀರಿನಲ್ಲಿ ಬೇಯಿಸಬೇಡಿ, ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸಿ ನುಣ್ಣಗೆ ಮಸೆಯಿರಿ. ಒಂದು ಪಾತ್ರೆಯಲ್ಲಿ ಒಂದೂವರೆ ಕಪ್ ಗೋಧಿ ಹಿಟ್ಟು, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಕಾಲು ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು, ಸ್ವಲ್ಪ ಏಲಕ್ಕಿ ಪುಡಿ ಹಾಕಿ ಜರಡಿ ಹಿಡಿಯಿರಿ. ಇನ್ನೊಂದರಲ್ಲಿ ಅರ್ಧ ಕಪ್ ಬೆಲ್ಲದ ಪುಡಿ, ಅರ್ಧ ಕಪ್ ಮೊಸರು, ಮೂರನೇ ಒಂದು ಕಪ್ ಎಣ್ಣೆ, ಒಂದು ಮೊಟ್ಟೆ, ಅರ್ಧ ಕಪ್ ಮಸೆದ ಕುಂಬಳ, ಅರ್ಧ ಕಪ್ ಸಣ್ಣಗೆ ತುರಿದ ಕ್ಯಾರೆಟ್ ಕಲಸಿ. ಮೊಟ್ಟೆ ತಿನ್ನದವರು ಇನ್ನೂ ಕಾಲು ಕಪ್ ಮೊಸರು ಹಾಕಿಕೊಳ್ಳಿ.

ಈಗ ಎರಡನ್ನೂ ಸೇರಿಸಿ ಹತ್ತು ಹನ್ನೆರಡು ಸಲ ಮಗುಚಿ, ಅಷ್ಟು ಸಾಕು. ಒಣ ಹಿಟ್ಟು ಕಾಣದಂತಾದರೆ ನಿಲ್ಲಿಸಿ, ಚಿಕ್ಕ ಗಂಟುಗಳಿದ್ದರೆ ಇರಲಿ. 180 ಡಿಗ್ರಿಗೆ ಹತ್ತು ನಿಮಿಷ ಮೊದಲೇ ಕಾಯಿಸಿದ ಓವನ್‌ನಲ್ಲಿ 20ರಿಂದ 22 ನಿಮಿಷ ಬೇಯಿಸಿ. ಸುಮಾರು ಹತ್ತು ಮಫಿನ್ ಆಗುತ್ತವೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಈ ಅಳತೆಯಲ್ಲಿರುವ ಕುಂಬಳ, ಕ್ಯಾರೆಟ್ ಎರಡೂ ಸೇರಿ ಸುಮಾರು 175 ಗ್ರಾಂ. ಹತ್ತು ಭಾಗ ಮಾಡಿದರೆ ಒಂದು ಮಫಿನ್‌ಗೆ ಬರುವುದು 17 ಗ್ರಾಂ ಚಿಲ್ಲರೆ. 2ರಿಂದ 5 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 250 ಗ್ರಾಂ ತರಕಾರಿ, ಹಣ್ಣು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ಅಂದ ಮೇಲೆ ಮಫಿನ್‌ನಿಂದ ಕೊರತೆ ನೀಗುವುದಿಲ್ಲ. ಮೇಲಾಗಿ ಪ್ರತಿಯೊಂದರಲ್ಲೂ ಎರಡು ಟೀ ಚಮಚದಷ್ಟು ಬೆಲ್ಲ ಇರುತ್ತದೆ. ಬೆಲ್ಲವಾದರೇನು, ಸಕ್ಕರೆಯಾದರೇನು, ಮಿತಿ ಎರಡಕ್ಕೂ ಒಂದೇ. ಹಾಗಾಗಿ ದಿನಕ್ಕೆ ಒಂದು ಸಾಕು, ದಿನಾ ಬೇಕೆಂದೂ ಇಲ್ಲ. ಬೇಕರಿಯ ಮೈದಾ ಕೇಕ್ ಬದಲು ಇದು ಎಂದರೆ ಬಹಳ ಒಳ್ಳೆಯದು. ಪಲ್ಯದ ಬದಲು ಇದು ಎಂದರೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ಸೋರೆಕಾಯಿ ತುರಿದು ಹಾಕಿ ಮಫಿನ್ ಮಾಡಿದೆ. ಮೇಲೆ ಚೆನ್ನಾಗಿ ಉಬ್ಬಿ ಕೆಂಪಾಗಿತ್ತು, ಮುರಿದರೆ ಒಳಗೆ ಹಸಿಹಸಿ, ಅಂಟಂಟು. ಇನ್ನೂ ಹತ್ತು ನಿಮಿಷ ಇಟ್ಟರೆ ಮೇಲ್ಭಾಗ ಸೀದಿತು. ಓವನ್ ಸರಿಯಿಲ್ಲವೇ?
– ಗೃಹಿಣಿ, ಮೈಸೂರು

ಉತ್ತರ: ಓವನ್ ಮೇಲೆ ತಪ್ಪು ಹೊರಿಸಬೇಡಿ. ಸೋರೆಕಾಯಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಹಿಟ್ಟಿಗೆ ಬಿದ್ದ ತುರಿ ಬಿಸಿ ತಾಗಿದಂತೆ ನೀರು ಬಿಡುತ್ತದೆ. ಆ ಹೊತ್ತಿಗೆ ಮೇಲಿನ ಪದರ ಗಟ್ಟಿಯಾಗಿರುತ್ತದೆ, ಹಬೆಗೆ ಹೊರಹೋಗಲು ದಾರಿಯಿಲ್ಲದೆ ನಡುವೆ ಹಸಿ ಉಳಿಯುತ್ತದೆ. ತರಕಾರಿ ಮಫಿನ್ ಕೆಡುವುದು ಹೆಚ್ಚಾಗಿ ನೀರಿನ ಲೆಕ್ಕ ತಪ್ಪಿದಾಗಲೇ.

ತುರಿಗೆ ಎರಡು ಚಿಟಿಕೆ ಉಪ್ಪು ಬೆರೆಸಿ ಹತ್ತು ನಿಮಿಷ ಬಿಡಿ. ತೆಳು ಪಂಚೆಯ ಬಟ್ಟೆಯಲ್ಲಿ ಕಟ್ಟಿ ಹಿಂಡಿ. ಮೊದಲು ಧಾರೆಯಾಗಿ ಸುರಿಯುತ್ತದೆ, ಆಮೇಲೆ ತೊಟ್ಟಿಕ್ಕುತ್ತದೆ, ಆ ತೊಟ್ಟಿಕ್ಕುವುದು ನಿಲ್ಲುವವರೆಗೂ ಹಿಂಡಬೇಕು. ಒಂದು ಕಪ್ ತುರಿ ಅರ್ಧದಷ್ಟಕ್ಕೆ ಇಳಿದು, ಬೆರಳಲ್ಲಿ ಹಿಡಿದರೆ ಉಂಡೆಯಾಗುತ್ತದೆ. ಹಿಂಡಿದ ನೀರು ಚಪಾತಿ ಹಿಟ್ಟು ಕಲಸಲು ಬಳಕೆಯಾಗುತ್ತದೆ. ಮಫಿನ್‌ಗೆ ಮತ್ತೆ ಉಪ್ಪು ಬೇಡ. ಕಲಸಿದ ಹಿಟ್ಟು ಇಡ್ಲಿ ಹಿಟ್ಟಿಗಿಂತ ಗಟ್ಟಿಯಾಗಿರಬೇಕು. ಚಮಚ ಬಾಗಿಸಿದರೆ ಹರಿಯಬಾರದು, ಒಂದು ಕ್ಷಣ ತಡೆದು ಧೊಪ್ಪನೆ ಬೀಳಬೇಕು.

ಇನ್ನೆರಡು ಮಾತು. ಹೆಚ್ಚು ಕಲಸಿದರೆ ಗೋಧಿಯ ಗ್ಲುಟೆನ್ ಬಿಗಿದು ಒಳಗೆ ಉದ್ದುದ್ದ ಸುರಂಗಗಳಾಗಿ ಮಫಿನ್ ರಬ್ಬರಿನಂತಾಗುತ್ತದೆ. ಬೆಂದ ಮೇಲೆ ಅಚ್ಚಿನಲ್ಲೇ ಬಿಟ್ಟರೆ ತಳ ಬೆವರುತ್ತದೆ, ಐದು ನಿಮಿಷಕ್ಕೆ ಹೊರತೆಗೆದು ಜಾಲರಿಯ ಮೇಲಿಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಬೇರೆ. ಸೋರೆಕಾಯಿ ತುರಿಯುವ ಮುನ್ನ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗುಳಿ, ಇಡೀ ಕಾಯಿ ಎಸೆಯಿರಿ. ಆ ಕಹಿ ವಿಷ, ಬೇಯಿಸಿದರೂ ಹೋಗುವುದಿಲ್ಲ. ಬೆಲ್ಲದ ಸಿಹಿಯಲ್ಲಿ ಕಹಿ ಮರೆಯಾಗಿ ಮಗುವಿನ ಹೊಟ್ಟೆ ಸೇರಬಹುದು. ಸೌತೆಕಾಯಿ, ಜುಕಿನಿಗಳಿಗೂ ಇದೇ ಎಚ್ಚರ ಬೇಕು.

ಪ್ರಶ್ನೆ: ಬೀಟ್‌ರೂಟ್ ಹಾಕಿದಾಗ ಹಿಟ್ಟು ಗುಲಾಬಿ ಬಣ್ಣಕ್ಕಿತ್ತು, ಬೆಂದ ಮೇಲೆ ಮಣ್ಣಿನ ಬಣ್ಣವಾಯಿತು. ಏಕೆ?
– ಕಾಲೇಜು ವಿದ್ಯಾರ್ಥಿನಿ, ಹಾಸನ

ಉತ್ತರ: ಬೀಟ್‌ರೂಟ್‌ನ ಬಣ್ಣ ಬೆಟಾಲೈನ್ ಎಂಬ ಗುಂಪಿಗೆ ಸೇರಿದ್ದು, ಹೆಚ್ಚು ಬಿಸಿಯನ್ನೂ ಸೋಡಾವನ್ನೂ ತಾಳುವುದಿಲ್ಲ. ಹುಳಿ ಇದ್ದರೆ ಸ್ವಲ್ಪ ಉಳಿಯುತ್ತದೆ. ಸೋಡಾ ಬಿಟ್ಟು ಬೇಕಿಂಗ್ ಪೌಡರ್ ಮಾತ್ರ ಹಾಕಿ, ಒಂದು ಚಮಚ ನಿಂಬೆರಸ ಸೇರಿಸಿ. ಅಷ್ಟಾದರೂ ಹಿಟ್ಟಿನಲ್ಲಿ ಕಂಡ ಗುಲಾಬಿ ಪೂರ್ತಿ ಸಿಗದು. ನನ್ನ ಸಲಹೆ ಕೇಳಿದರೆ ಎರಡು ಚಮಚ ಕೋಕೋ ಪುಡಿ ಹಾಕಿ ಚಾಕೊಲೇಟ್ ಮಫಿನ್ ಮಾಡಿಬಿಡಿ. ಬೀಟ್‌ರೂಟ್‌ನ ಮಣ್ಣಿನ ವಾಸನೆ ಕೋಕೋ ಜೊತೆ ಚೆನ್ನಾಗಿ ಹೊಂದುತ್ತದೆ. ತಿಂದ ಮರುದಿನ ಮೂತ್ರ ಕೆಂಪಾದರೆ ಗಾಬರಿ ಬೇಡ, ಕೆಲವರಿಗೆ ಹಾಗಾಗುತ್ತದೆ.

ಪ್ರಶ್ನೆ: ರಾಗಿ ಹಿಟ್ಟಿನಲ್ಲೇ ಮಾಡಬೇಕೆಂದು ನನ್ನ ಹಟ. ಆದರೆ ಕೈಗೆತ್ತಿಕೊಂಡರೆ ಪುಡಿಪುಡಿಯಾಗುತ್ತದೆ, ಬಾಯಲ್ಲಿ ತರಿತರಿ.
– ಶಾಲಾ ಶಿಕ್ಷಕಿ, ತುಮಕೂರು

ಉತ್ತರ: ಹಟ ಒಳ್ಳೆಯದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಗೋಧಿಯಲ್ಲಿ ಅದರ ಹತ್ತಿರಕ್ಕೂ ಇಲ್ಲ. ಆದರೆ ರಾಗಿಗೆ ಗ್ಲುಟೆನ್ ಇಲ್ಲವಾದ್ದರಿಂದ ಹಿಟ್ಟನ್ನು ಹಿಡಿದಿಡುವುದು ಏನೂ ಇರುವುದಿಲ್ಲ. ಅರ್ಧ ರಾಗಿ, ಅರ್ಧ ಗೋಧಿ ಮಾಡಿಕೊಳ್ಳಿ. ರಾಗಿ ಹಿಟ್ಟನ್ನು ಮೊದಲೇ ಮೊಸರಿನಲ್ಲಿ ಕಲಸಿ ಅರ್ಧ ಗಂಟೆ ನೆನೆಯಲು ಬಿಟ್ಟರೆ ತರಿ ಹೋಗುತ್ತದೆ. ಪೂರ್ತಿ ರಾಗಿಯೇ ಆಗಬೇಕೆಂದರೆ ಮೊಟ್ಟೆ ಎರಡು ಬೇಕು, ಜೊತೆಗೆ ಚೆನ್ನಾಗಿ ಕಳಿತ ಒಂದು ಬಾಳೆಹಣ್ಣು.

ರಾಗಿಗೆ ಇನ್ನೊಂದು ಗುಣವಿದೆ. ಸೊಪ್ಪನ್ನು ಅದು ತನ್ನ ಬಣ್ಣದಲ್ಲೇ ಅಡಗಿಸಿಕೊಳ್ಳುತ್ತದೆ. ಪಾಲಕ್ ಸೊಪ್ಪನ್ನು ಬಿಸಿನೀರಿಗೆ ಹಾಕಿ ತೆಗೆದು, ಹಿಂಡಿ ರುಬ್ಬಿ ಕಾಲು ಕಪ್ ಸೇರಿಸಿದರೆ ಕಾಣುವುದೂ ಇಲ್ಲ, ವಾಸನೆಯೂ ಬರುವುದಿಲ್ಲ. ನುಗ್ಗೆಸೊಪ್ಪು ಮಾತ್ರ ಬೇಡ. ಅದರ ಘಾಟು ಬೆಲ್ಲಕ್ಕೆ ಒಗ್ಗುವುದಿಲ್ಲ, ಅದನ್ನು ರಾಗಿ ರೊಟ್ಟಿಗೆ ಬಿಡಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರ್‌ನಲ್ಲಿ ಆಗುತ್ತದೆಯೇ?
– ಓದುಗರು, ಕುಮಟಾ

ಉತ್ತರ: ಧಾರಾಳವಾಗಿ ಆಗುತ್ತದೆ. ಹಳೆಯ ಕುಕ್ಕರ್ ಒಂದನ್ನು ಇದಕ್ಕೇ ಮೀಸಲಿಡಿ. ತಳಕ್ಕೆ ಒಂದು ಇಂಚು ಪುಡಿ ಉಪ್ಪು ಹರಡಿ ಮೇಲೊಂದು ಸ್ಟ್ಯಾಂಡ್ ಇಡಿ. ಮುಚ್ಚಳದ ರಬ್ಬರ್, ವಿಷಲ್ ಎರಡನ್ನೂ ತೆಗೆಯುವುದು ಕಡ್ಡಾಯ. ನೀರು ಹಾಕಬಾರದು. ನಡು ಉರಿಯಲ್ಲಿ ಹತ್ತು ನಿಮಿಷ ಕಾಯಿಸಿ, ಎಣ್ಣೆ ಸವರಿದ ಚಿಕ್ಕ ಸ್ಟೀಲ್ ಬಟ್ಟಲುಗಳಿಗೆ ಮುಕ್ಕಾಲು ಭಾಗ ಹಿಟ್ಟು ತುಂಬಿ ಒಳಗಿಡಿ. ಸಣ್ಣ ಉರಿಯಲ್ಲಿ 30ರಿಂದ 35 ನಿಮಿಷ. ಕಡ್ಡಿ ಚುಚ್ಚಿ ನೋಡಿ, ಹಿಟ್ಟು ಅಂಟದಿದ್ದರೆ ಬೆಂದಿದೆ. ಮೇಲ್ಭಾಗ ಓವನ್‌ನಷ್ಟು ಕೆಂಪಾಗದು, ರುಚಿಗೇನೂ ಕಮ್ಮಿಯಿಲ್ಲ.

ಕುಮಟೆಯವರಿಗೆ ಇದನ್ನು ಹೇಳಿಕೊಡಬೇಕಾದ್ದೂ ಇಲ್ಲ. ನಿಮ್ಮ ಕರಾವಳಿಯ ಕೊಂಕಣಿ ಮನೆಗಳ ತವಸಳಿ ಸೌತೆಕಾಯಿ, ರವೆ, ಬೆಲ್ಲ, ತೆಂಗಿನತುರಿಯ ಕೇಕೇ ತಾನೆ? ಹಿಂದೆ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ಅದರಲ್ಲಿ ಸೌತೆಕಾಯಿ ಬಿಡುವ ನೀರಿನಲ್ಲೇ ರವೆ ಅರಳುತ್ತದೆ, ಹಿಂಡುವ ಕೆಲಸವೇ ಇಲ್ಲ. ಅದನ್ನೇ ಚಿಕ್ಕ ಬಟ್ಟಲುಗಳಲ್ಲಿ ಮಾಡಿ ಮಕ್ಕಳ ಡಬ್ಬಿಗೆ ಹಾಕಿ. ಹೊಸ ಪಾಕವಿಧಾನಕ್ಕಿಂತ ಅದೇ ಒಂದು ಕೈ ಮೇಲು.

ಪ್ರಶ್ನೆ: ಇಲ್ಲಿ ಮಗಳ ಶಾಲೆಗೆ ಬಾದಾಮಿ, ಗೋಡಂಬಿ, ಶೇಂಗಾ ಏನೂ ಒಯ್ಯುವಂತಿಲ್ಲ. ಜುಕಿನಿ ಮಫಿನ್‌ಗೆ ಸೂರ್ಯಕಾಂತಿ ಬೀಜ ಹಾಕಿದೆ. ಮರುದಿನ ಒಳಗೆಲ್ಲ ಹಸಿರು! ಬೂಸ್ಟೇ?
– ಕನ್ನಡತಿ, ನ್ಯೂಜೆರ್ಸಿ

ಉತ್ತರ: ಒಂದೇ ದಿನಕ್ಕೆ, ಬೀಜದ ಸುತ್ತಲೇ ಹಸಿರು ಮೂಡಿದ್ದರೆ ಅದು ಬೂಸ್ಟಲ್ಲ. ಸೂರ್ಯಕಾಂತಿ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಅಡುಗೆ ಸೋಡಾದ ಕ್ಷಾರದೊಡನೆ ಸೇರಿ ಹಾಗೆ ಬಣ್ಣ ಬದಲಿಸುತ್ತದೆ, ತಿನ್ನಲು ತೊಂದರೆಯಿಲ್ಲ. ಸೋಡಾ ಕಡಿಮೆ ಮಾಡಿ ಸ್ವಲ್ಪ ನಿಂಬೆರಸ ಸೇರಿಸಿದರೆ ಸರಿಹೋಗುತ್ತದೆ. ಮೇಲೆ ನಯವಾದ ರೋಮದಂತೆ ಎದ್ದಿದ್ದರೆ, ಮುಗ್ಗಲು ವಾಸನೆ ಬಂದರೆ ಎಸೆಯಿರಿ. ತರಕಾರಿ ಮಫಿನ್‌ನಲ್ಲಿ ತೇವ ಹೆಚ್ಚು. ಪೂರ್ತಿ ಆರಿದ ಮೇಲೆ ಫ್ರಿಜ್‌ನಲ್ಲಿಡಿ, ಹೆಚ್ಚಿದ್ದರೆ ಒಂದೊಂದಾಗಿ ಸುತ್ತಿ ಫ್ರೀಜರ್‌ಗೆ ಹಾಕಿ. ಎರಡು ತಿಂಗಳು ಚೆನ್ನಾಗಿರುತ್ತವೆ.

ಪ್ರಶ್ನೆ: ಸೊಸೆ ಮೊಮ್ಮಗಳಿಗೆ ಗೊತ್ತಾಗದ ಹಾಗೆ ಗಜ್ಜರಿ, ಕುಂಬಳ ಹಾಕಿ ಮಫಿನ್ ಮಾಡಿಕೊಡತಾಳ. ಕೂಸು ಖುಷೀಲೆ ತಿಂತದ. ಆದರ ಇದು ಮಕ್ಕಳಿಗೆ ಮೋಸ ಮಾಡಿಧಾಂಗ ಅಲ್ಲೇನ್ರಿ?
– ಅಜ್ಜ, ಧಾರವಾಡ

ಉತ್ತರ: ಅಜ್ಜಾರ, ನಿಮ್ಮ ಪ್ರಶ್ನೆ ಬಹಳ ದೊಡ್ಡದು. ಮೊದಲು ನಿಮ್ಮ ಸೊಸೆಯ ಪರವಾಗಿ ಒಂದು ಮಾತು. ಅಮೆರಿಕದ ಪೆನ್ಸಿಲ್ವೇನಿಯ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ಬರಾ ರೋಲ್ಸ್ ಮತ್ತು ಸಂಗಡಿಗರು 3ರಿಂದ 5 ವರ್ಷದ ಮಕ್ಕಳ ಮೇಲೆ ಮಾಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಜುಕಿನಿ ಬ್ರೆಡ್‌ನಂಥ ತಿನಿಸುಗಳಲ್ಲಿ ತರಕಾರಿಯನ್ನು ರುಬ್ಬಿ ಸೇರಿಸಿದಾಗ ಮಕ್ಕಳ ಹೊಟ್ಟೆಗೆ ಹೋದ ತರಕಾರಿ ಹೆಚ್ಚಿತು. ಪಕ್ಕದಲ್ಲಿ ಬೇರೆಯಾಗಿ ಇಟ್ಟ ತರಕಾರಿಯನ್ನು ತಿನ್ನುವುದೇನೂ ಕಡಿಮೆಯಾಗಲಿಲ್ಲ. ಅಂದರೆ ನಿಮ್ಮ ಸೊಸೆಯ ಶ್ರಮ ವ್ಯರ್ಥವಲ್ಲ.

ಆದರೂ ನಿಮ್ಮ ಅಳುಕಿನಲ್ಲಿ ಹುರುಳಿದೆ. ಹೊಸ ರುಚಿ ಮಗುವಿಗೆ ಒಗ್ಗಬೇಕಾದರೆ ಎಂಟು ಹತ್ತು ಸಲವಾದರೂ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ, ಅದನ್ನು ನೋಡಬೇಕು, ಮುಟ್ಟಬೇಕು, ನಾಲಿಗೆಗೆ ಇಟ್ಟುಕೊಳ್ಳಬೇಕು. ಬಚ್ಚಿಟ್ಟ ಗಜ್ಜರಿಯಿಂದ ಹೊಟ್ಟೆ ತುಂಬುತ್ತದೆ, ಗಜ್ಜರಿಯ ಪರಿಚಯ ಆಗುವುದಿಲ್ಲ. ಮುಂದೆಂದೋ ಗುಟ್ಟು ಬಯಲಾದರೆ ಇಷ್ಟಪಟ್ಟು ತಿನ್ನುತ್ತಿದ್ದ ಮಫಿನ್ ಮೇಲೂ ಅನುಮಾನ ಹುಟ್ಟುತ್ತದೆ. ಗೆಣಸಿನ ಹೋಳಿಗೆ, ಕುಂಬಳದ ಕಡುಬು, ಗಜ್ಜರಿ ಹಲ್ವಾ ಮಾಡಿದ ನಮ್ಮ ಹಿರಿಯರು ಯಾವುದನ್ನೂ ಮುಚ್ಚಿಡಲಿಲ್ಲ. ತರಕಾರಿಯ ಹೆಸರು ಹೇಳಿಯೇ ಹಬ್ಬದ ಎಲೆಗೆ ಬಡಿಸಿದರು, ಮಕ್ಕಳೂ ಕೇಳಿ ಹಾಕಿಸಿಕೊಂಡರು.

ಆದ್ದರಿಂದ ಮಫಿನ್ ನಿಲ್ಲಿಸಬೇಡಿ, ಗುಟ್ಟು ನಿಲ್ಲಿಸಿ. ತಿಂದಾದ ಮೇಲೆ ನಗುತ್ತ ಹೇಳಿಬಿಡಿ, ಇದರಾಗ ಗಜ್ಜರಿ ಅದ ಅಂತ. ಬಚ್ಚಿಡಲೇಬೇಕಿಲ್ಲ ಎಂದಾದರೆ ತುರಿಯನ್ನು ದಿನಗಳೆದಂತೆ ಸ್ವಲ್ಪ ದಪ್ಪ ಮಾಡಬಹುದು, ಮೇಲೂ ಒಂದಿಷ್ಟು ಉದುರಿಸಬಹುದು. ಬೇಯಿಸುವ ದಿನ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಗಜ್ಜರಿ ತೊಳೆಯುವ, ತುರಿಯನ್ನು ಕಪ್ಪಿನಲ್ಲಿ ಅಳೆಯುವ ಕೆಲಸ ಅವಳಿಗೇ ಕೊಡಿ. ತುರಿಯುವ ಮಣೆ ಮಾತ್ರ ನಿಮ್ಮ ಕೈಯಲ್ಲಿರಲಿ.